ಕಾರ್ಕಳದಿಂದ ತಂದ ಮಂಚ

ನನ್ನ ಮನೆಗೆ ಮೊದಲ ಸಲ ಬಂದವರು ಚಪ್ಪಲಿ ಬಿಡುವಾಗಲೇ 'ಎಷ್ಟು ಚಂದ ಇಟ್ಟುಕೊಂಡಿದ್ದೀರಿ ಮಾರಾಯ್ರೆ' ಎನ್ನುತ್ತಾರೆ. ಆಫೀಸಿನ ಹುಡುಗಿಯರು ಬಂದರೆ ಫೋನು ತೆಗೆದು ಮೂಲೆಮೂಲೆಯ ಫೋಟೋ ಹೊಡೆಯುತ್ತಾರೆ. ಇದೆಲ್ಲ ಯಾರೋ ಬಿಟ್ಟ ಹಳೆಯ ಸಾಮಾನು, ನಾನೇ ಉಜ್ಜಿ ಬಣ್ಣ ಹೊಡೆದದ್ದು ಎಂದರೆ ಮೊದಲು ನಂಬುವುದಿಲ್ಲ, ನಂಬಿದ ಮೇಲೆ ನನ್ನ ಕೈಯನ್ನು ಹೊಗಳುತ್ತಾರೆ. ಒಂದು ಕಾಲದಲ್ಲಿ ಆ ಹೊಗಳಿಕೆಗೆ ನಾನು ಉಬ್ಬಿ ಹೋಗುತ್ತಿದ್ದೆ. ಈಗ ಯಾರಾದರೂ ಹಾಗೆಂದರೆ ಮೈ ಉರಿಯುತ್ತದೆ. ಚಹಾ ಮಾಡುವ ನೆಪ ಹೇಳಿ ಒಳಗೆ ಹೋಗುತ್ತೇನೆ.

ಈ ಮನೆಯನ್ನು ನಾನು ಜೋಡಿಸಿದ್ದು ಒಂದೇ ಒಂದು ಆಸೆಯಿಂದ. ನನ್ನ ಅಪ್ಪ ಇಲ್ಲಿಗೆ ಬರಬೇಕು. ಹೊಸ್ತಿಲು ದಾಟಿ ಒಳಗೆ ಬಂದು, ಮನೆಯ ಒಳ್ಳೆಯ ಜಾಗದಲ್ಲಿ ಕೂತು, ಊಟ ಮಾಡಿ ಹೋಗಬೇಕು. ಎಲ್ಲರ ಅಪ್ಪಂದಿರೂ ಮಗಳ ಮನೆಯಲ್ಲಿ ಮಾಡುವ ಕೆಲಸವೇ ಇದು, ಇದರಲ್ಲಿ ಆಸೆಪಡುವಂಥದ್ದು ಏನಿದೆ ಎಂದು ಕೇಳಬಹುದು. ನನ್ನ ಅಪ್ಪನಿಗೆ ಅದು ಎಲ್ಲಿಯೂ ಸಿಕ್ಕಿರಲಿಲ್ಲ.

ಅಪ್ಪ ಕಾಪುವಿನಲ್ಲಿ ಪುರೋಹಿತರು. ಮದುವೆ, ಮುಂಜಿ, ಗೃಹಪ್ರವೇಶ ಮಾಡಿಸುವ ಪುರೋಹಿತರಲ್ಲ. ಸಾವಾದ ಮನೆಯಲ್ಲಿ ಹತ್ತು, ಹನ್ನೊಂದು, ಹನ್ನೆರಡನೆಯ ದಿನಗಳ ಕ್ರಿಯೆ ಮಾಡಿಸುವವರು. ಅವರಿಲ್ಲದೆ ಯಾರಿಗೂ ನಡೆಯುವುದಿಲ್ಲ, ಆದರೆ ಅವರು ಬೆಳಿಗ್ಗೆ ಎದುರು ಬಂದರೆ ಜನ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಅಪ್ಪ ಸ್ಕೂಟರಿನಲ್ಲಿ ಹೋಗುವಾಗ ತಾವಾಗಿಯೇ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು, ಎದುರಿನವರಿಗೆ ಆ ತೊಂದರೆ ಬೇಡ ಎಂದು. ನೆಂಟರ ಮದುವೆಗಳಿಗೆ ನಮಗೆ ಕರೆ ಬರುತ್ತಿತ್ತು, ಹೋದರೆ ಅಪ್ಪ ಕೊನೆಯ ಪಂಕ್ತಿಯ ಕೊನೆಯ ಎಲೆಗೆ ಕೂರುತ್ತಿದ್ದರು. ಅಲ್ಲಿ ಕೂರಿ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯ ಬಾರದ ಹಾಗೆ ಅಪ್ಪ ನೋಡಿಕೊಳ್ಳುತ್ತಿದ್ದರು.

ಹನ್ನೊಂದರ ದಿನ ಸತ್ತವರ ಹೆಸರಿನಲ್ಲಿ ಮಂಚ ದಾನ ಕೊಡುವ ಕ್ರಮ ನಮ್ಮಲ್ಲಿ ಉಂಟು. ಮಂಚ, ಹಾಸಿಗೆ, ದಿಂಬು, ಕೊಡೆ, ಚಪ್ಪಲಿ, ಚೊಂಬು, ಬೀಸಣಿಗೆ. ಇಲ್ಲಿ ಒಬ್ಬರಿಗೆ ಕೊಟ್ಟರೆ ಅಲ್ಲಿ ಹೋದವರಿಗೆ ಸಿಗುತ್ತದೆ ಎಂದು ನಂಬಿಕೆ. ಕೊಟ್ಟರೆ ಸಾಲದು, ತೆಗೆದುಕೊಂಡವರು ಆ ಮಂಚದ ಮೇಲೆ ಎಲ್ಲರ ಮುಂದೆ ಸ್ವಲ್ಪ ಹೊತ್ತು ಮಲಗಬೇಕು. ನಾನು ಎಂಟು ವರ್ಷದವಳಿದ್ದಾಗ, ಅಮ್ಮ ತವರಿಗೆ ಹೋಗಿದ್ದರಿಂದ ಅಪ್ಪ ನನ್ನನ್ನು ಒಂದು ಮನೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿದ್ದರು. ಅಂಗಳದಲ್ಲಿ ಹೊಸ ಮಂಚ, ಅದರ ಮೇಲೆ ಹೊಸ ಪಂಚೆ ಉಟ್ಟ ನನ್ನ ಅಪ್ಪ ಅಂಗಾತ ಮಲಗಿದ್ದಾರೆ. ಮನೆಯವರು ಸುತ್ತು ಬರುತ್ತಿದ್ದಾರೆ, ಹೆಂಗಸರು ಅಳುತ್ತಿದ್ದಾರೆ. ಒಬ್ಬರು ಕಾಲು ಒತ್ತುತ್ತಿದ್ದಾರೆ. ಸತ್ತವರ ಜಾಗದಲ್ಲಿ ನನ್ನ ಅಪ್ಪ. ನಾನು ಹೋಗಿ ಅವರ ಕೈ ಹಿಡಿದು ಎಳೆದೆನಂತೆ. ಎಲ್ಲರೂ ನಕ್ಕರಂತೆ. ನಗು ನನಗೆ ನೆನಪಿಲ್ಲ. ಅಪ್ಪನ ಕಣ್ಣು ತೆರೆದೇ ಇತ್ತು, ಆದರೆ ನನ್ನ ಕಡೆ ನೋಡಲಿಲ್ಲ, ಅದು ನೆನಪಿದೆ.

ಹಾಗೆ ಬಂದ ಸಾಮಾನುಗಳಿಂದಲೇ ನಮ್ಮ ಮನೆ ತುಂಬಿತ್ತು. ನಾನು ಮಲಗಿದ್ದು ಯಾರೋ ಸತ್ತವರ ಮಂಚದಲ್ಲಿ, ಶಾಲೆಗೆ ಹಿಡಿದದ್ದು ಯಾರೋ ಸತ್ತವರ ಕೊಡೆ. ಹೆಚ್ಚಾದ ಮಂಚಗಳನ್ನು ಹಿಂದಿನ ಚಾವಡಿಯಲ್ಲಿ ನಿಲ್ಲಿಸಿಡುತ್ತಿದ್ದರು, ಅಪರೂಪಕ್ಕೆ ಒಂದು ಟೆಂಪೋ ಬಂದು ಒಯ್ಯುತ್ತಿತ್ತು. ಎಲ್ಲಿಗೆ ಎಂದು ನಾನು ಕೇಳಿದವಳಲ್ಲ. ಕಾಪುವಿನಲ್ಲಿ ಮಾತ್ರ ಯಾರೂ ಕೊಳ್ಳುವುದಿಲ್ಲ, ಎಲ್ಲರಿಗೂ ಗೊತ್ತು.

ಮಂಚ ಒಳಗೆ ಬಂದ ದಿನವೇ ಅಪ್ಪ ಅದನ್ನು ಬೋರಲು ಹಾಕಿ ಅಡಿಯ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಯುತ್ತಿದ್ದರು. ಸತ್ತವರ ಹೆಸರು, ಗೋತ್ರ, ತಿಥಿ. ಭಾದ್ರಪದದ ಪಿತೃಪಕ್ಷದಲ್ಲಿ ತಮ್ಮ ಹಿರಿಯರಿಗೆ ಎಳ್ಳುನೀರು ಬಿಟ್ಟಾದ ಮೇಲೆ, ಯಾರ ಯಾರ ಮಂಚ ಮನೆಗೆ ಬಂದಿದೆಯೋ ಅವರ ಹೆಸರು ಹೇಳಿ ಒಂದೊಂದು ಬೊಗಸೆ ಬಿಡುತ್ತಿದ್ದರು. ಮಾರಿ ಹೋದ ಮಂಚದವರಿಗೂ ಅಷ್ಟೆ, ಹೆಸರು ನೆನಪಿಟ್ಟುಕೊಂಡು ಬಿಡುತ್ತಿದ್ದರು. 'ಇದು ಯಾವ ಶಾಸ್ತ್ರದಲ್ಲಿ ಉಂಟು?' ಎಂದು ಅಮ್ಮ ತಮಾಷೆ ಮಾಡಿದರೆ, 'ಅವರ ಜಾಗದಲ್ಲಿ ಮಲಗಿ ಎದ್ದು ಬಂದಿದ್ದೇನಲ್ಲ' ಎನ್ನುತ್ತಿದ್ದರು. ಅಷ್ಟು ಬಿಟ್ಟರೆ ತಮ್ಮ ಕೆಲಸದ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ನನ್ನ ಮದುವೆಯಾದದ್ದು ಬೆಳ್ಮಣ್ಣು ಎಂಬ ಊರಿನವರ ಜೊತೆ. ನಾನೇ ನೋಡಿ ಒಪ್ಪಿದ ಮದುವೆ. ಅವರು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸದಲ್ಲಿದ್ದರು, ನಾನು ಅಲ್ಲೇ ಹತ್ತಿರದ ಒಂದು ಆಫೀಸಿನಲ್ಲಿ. ಜಾತಿ ಒಂದೇ, ಮನೆಮಾತು ಒಂದೇ, ಆದರೂ ಅತ್ತೆ ಎರಡು ವರ್ಷ ಒಪ್ಪಲಿಲ್ಲ. ಒಪ್ಪಿದಾಗ ಹಾಕಿದ ಷರತ್ತು ಒಂದೇ. 'ಹುಡುಗಿ ಬರಲಿ. ಅವರ ಮನೆಯ ಒಂದು ಕಡ್ಡಿಯೂ ನನ್ನ ಮಗನ ಮನೆಗೆ ಬರುವುದು ಬೇಡ.' ಇದನ್ನು ಅವರು ಜೋರು ಮಾಡಿ ಹೇಳಿದ್ದಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು, ಸಕ್ಕರೆ ಸ್ವಲ್ಪ ಕಡಿಮೆಯಾಯಿತು ಎಂಬಷ್ಟೇ ದನಿಯಲ್ಲಿ ಹೇಳಿದರು.

ಮಣಿಪಾಲದಿಂದ ಉಡುಪಿಗೆ ಇಳಿಯುವ ಕಡೆ ಒಂದು ಮಹಡಿಯ ಮನೆ ಬಾಡಿಗೆಗೆ ಸಿಕ್ಕಿತು. ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ಬಿಸಿಲುಮಾಡು, ಅಂದರೆ ತೆರೆದ ತಾರಸಿ. ಒಳಗೆ ಒಂದು ಮೊಳೆಯೂ ಇಲ್ಲ. ವಿಷಯ ತಿಳಿದು ಅಪ್ಪ ಫೋನು ಮಾಡಿದರು.

'ಮಗಾ, ಇಲ್ಲಿ ನಾಲ್ಕು ಮಂಚ ಉಂಟು. ಎರಡಂತೂ ಬಹಳ ಒಳ್ಳೆಯದು. ಯಾರೂ ಉಪಯೋಗ ಮಾಡಿದ್ದಲ್ಲ, ಹೊಸತೇ. ಕಳಿಸ್ಲಾ?'

'ಬೇಡ ಅಪ್ಪ,' ಎಂದೆ.

'ಬಾಡಿಗೆ ಟೆಂಪೋ ನಾನೇ ಮಾಡ್ತೇನೆ.'

'ಬೇಡ ಅಂದೆನಲ್ಲ. ಸತ್ತವರ ಮಂಚದಲ್ಲಿ ಮಲಗಿ ಮಲಗಿ ನನಗೆ ಸಾಕಾಗಿದೆ. ನನ್ನ ಮನೆಗೆ ಅದು ಬರುವುದು ಬೇಡ.'

ಅತ್ತೆಯ ಷರತ್ತು ಎಂದು ಹೇಳಬಹುದಿತ್ತು. ಅದಾದರೆ ಅಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲ, ಊರವರ ಇಂಥ ಮಾತು ಅವರಿಗೆ ಅಭ್ಯಾಸವಾಗಿತ್ತು. ನಾನು ನನ್ನ ಮಾತಾಗಿಯೇ ಹೇಳಿದೆ, ಯಾಕೆಂದರೆ ಅದು ನನ್ನ ಮಾತೂ ಆಗಿತ್ತು. ಅಪ್ಪ 'ಆಯ್ತು ಮಗಾ, ನಿನಗೆ ಬೇಕಾದ ಹಾಗೆ ಮಾಡು' ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಹೀಗೆ: ಮೊದಲು ಒಂದು ಕಳಂಕವಿಲ್ಲದ ಮನೆ ಮಾಡಬೇಕು, ಅತ್ತೆ ಬಂದು ನೋಡಿ ಮೆಚ್ಚಬೇಕು, ಮನೆ ನನ್ನದು ಎಂಬುದು ಗಟ್ಟಿಯಾಗಬೇಕು. ಆಮೇಲೆ ಅಪ್ಪನನ್ನು ಕರೆದು ನಡುಮನೆಯಲ್ಲಿ ಕೂರಿಸಿದರೆ ಯಾರು ಏನು ಹೇಳಿಯಾರು?

ಹೊಸದನ್ನು ಕೊಳ್ಳುವ ತಾಕತ್ತು ನಮಗಿರಲಿಲ್ಲ. ಆದರೆ ಮಣಿಪಾಲದಲ್ಲಿ ಬೇಸಗೆಗೆ ಕಾಲೇಜು ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಸಂತೆ ನಡೆಯುತ್ತದೆ. ಎಲ್ಲೆಲ್ಲಿಂದಲೋ ಬಂದ ಮಕ್ಕಳು ಓದು ಮುಗಿಸಿ ಊರಿಗೆ ಹೊರಡುತ್ತವೆ. ವಿಮಾನದಲ್ಲಿ ಮೇಜು ಹಾಕಿಕೊಂಡು ಹೋಗಲಿಕ್ಕಾಗುತ್ತದೆಯೇ? ಕೋಣೆ ಖಾಲಿ ಮಾಡುವ ಹಿಂದಿನ ದಿನ ಮೊಬೈಲಿನಲ್ಲಿ ಫೋಟೋ ಹಾಕಿ, ಯಾರಾದರೂ ಒಯ್ದರೆ ಸಾಕು ಎಂದು ಕಾಯುತ್ತವೆ. ಮೇಜು, ಕಪಾಟು, ಫ್ಯಾನು, ಒಂದೇ ವರ್ಷ ಮಲಗಿದ ಹಾಸಿಗೆ. ಆ ಮಕ್ಕಳಿಗೆ ಚೌಕಾಸಿ ಗೊತ್ತಿಲ್ಲ, ನನಗೆ ನಾಚಿಕೆ ಗೊತ್ತಿರಲಿಲ್ಲ. ಒಂದೇ ವಾರದಲ್ಲಿ ಅರ್ಧ ಮನೆ ತುಂಬಿತು.

ಉಳಿದದ್ದಕ್ಕೆ ಯೂಟ್ಯೂಬು ಗುರುವಾಯಿತು. ಮೊದಲ ಮೇಜಿನ ಮೇಲೆ ಯಾವನೋ ಹುಡುಗ ಕೈವಾರದ ಮೊನೆಯಿಂದ ಸೂತ್ರಗಳನ್ನೂ ಎರಡು ಹುಡುಗಿಯರ ಹೆಸರನ್ನೂ ಕೆತ್ತಿದ್ದ. ಎರಡು ಭಾನುವಾರ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೂ ಒಬ್ಬಳು ಹೋಗಲಿಲ್ಲ, ಅವಳ ಮೇಲೆ ಮಿಕ್ಸಿ ಇಟ್ಟೆ. ಹಣ್ಣಿನ ಅಂಗಡಿಯವರು ಎಸೆದ ಮರದ ಪೆಟ್ಟಿಗೆಗಳು ಪುಸ್ತಕದ ಕಪಾಟಾದವು. ಒಂದು ಕೈಕುರ್ಚಿಯ ಬೆತ್ತ ಹರಿದು ಜೋತು ಬಿದ್ದಿತ್ತು. ಉಡುಪಿಯಲ್ಲಿ ಬೆತ್ತ ಹೆಣೆಯುವವರೊಬ್ಬರ ಅಂಗಡಿಯ ಮುಂದೆ ಮೂರು ಸಂಜೆ ನಿಂತು ನೋಡಿ ಕಲಿತು, ಬೆರಳು ಕೊಯ್ದುಕೊಂಡು, ನಾನೇ ಹೆಣೆದೆ. ಅಪ್ಪ ಬಂದಾಗ ಇದರಲ್ಲಿ ಕೂರಬೇಕು ಎಂದು ಆಗಲೇ ನಿಶ್ಚಯ ಮಾಡಿದ್ದೆ. ನನ್ನವರೂ ಉತ್ಸಾಹಕ್ಕೆ ಬಿದ್ದು ಮಲ್ಪೆಯಿಂದ ಮೀನು ತುಂಬುವ ಎರಡು ಪ್ಲಾಸ್ಟಿಕ್ ಪೆಟ್ಟಿಗೆ ತಂದರು, ಹೂಕುಂಡ ಇಡಲಿಕ್ಕೆ ಚಂದ ಆಗುತ್ತದಂತೆ. ಲಿಂಬೆಹುಳಿ, ಸೋಪಿನಪುಡಿ, ಅಂಟುವಾಳ, ಏನು ಹಾಕಿ ತೊಳೆದರೂ ಒಂದು ತಿಂಗಳು ಕೇರಿಯ ಬೆಕ್ಕುಗಳೆಲ್ಲ ನಮ್ಮ ಬಿಸಿಲುಮಾಡಿನಲ್ಲೇ ವಾಸ ಮಾಡಿದವು. ಆ ದಿನಗಳಲ್ಲಿ ನಾವು ಬಹಳ ನಕ್ಕಿದ್ದೇವೆ. ಅದನ್ನು ಸುಳ್ಳು ಎನ್ನಲಾರೆ.

ಎಲ್ಲ ಆದರೂ ಒಂದು ಒಳ್ಳೆಯ ಮಂಚ ಇರಲಿಲ್ಲ. ನಾವಿಬ್ಬರೂ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಮೂರು ವರ್ಷ ಕಳೆದೆವು. ಆಗ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕು ಎಂದಾಯಿತು. ಆಪರೇಷನ್ ಮಣಿಪಾಲದಲ್ಲಿ, ಆಮೇಲೆ ಹದಿನೈದು ದಿನ ನಮ್ಮಲ್ಲಿ ಇರುವುದು. ಅತ್ತೆ ನನ್ನ ಮನೆಯಲ್ಲಿ ಉಳಿಯುವುದು ಅದೇ ಮೊದಲು. ಅವರನ್ನು ನೆಲದಲ್ಲಿ ಮಲಗಿಸಲಿಕ್ಕಾಗುತ್ತದೆಯೇ?

ಕಾರ್ಕಳದಲ್ಲಿ ಹಳೆಯ ಮರದ ಸಾಮಾನಿನ ಒಂದು ದೊಡ್ಡ ಅಂಗಡಿ ಉಂಟು ಎಂದು ಯಾರೋ ಹೇಳಿದರು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಂಬ ಎಲ್ಲವನ್ನೂ ತಗಡಿನ ಮಾಡಿನ ಕೆಳಗೆ ಒಟ್ಟಿದ್ದರು. ಅಂಗಡಿಯವರು ಎಲೆ ಅಡಿಕೆ ಜಗಿಯುತ್ತ ಹಿಂದೆ ಹಿಂದೆ ಬಂದರು. ಯಾವುದನ್ನು ಮುಟ್ಟಿದರೂ 'ಇದು ಬೀಡಿನದ್ದು ಅಕ್ಕ, ಹಳೆಯ ಅರಸು ಮನೆತನದವರದ್ದು' ಎನ್ನುತ್ತಿದ್ದರು. ಕಾರ್ಕಳ ಸೀಮೆಯಲ್ಲಿ ಇದ್ದ ಅರಸರೆಲ್ಲ ಸೇರಿದರೂ ಅಷ್ಟು ಸಾಮಾನು ಆಗಲಿಕ್ಕಿಲ್ಲ. ಒಂದು ಮೂಲೆಯಲ್ಲಿ ಹಲಸಿನ ಮರದ ಮಂಚವೊಂದು ಗೋಡೆಗೆ ಒರಗಿ ನಿಂತಿತ್ತು. ಧೂಳು ಹಿಡಿದಿತ್ತು, ಪಾಲಿಶು ಎದ್ದು ಹೋಗಿತ್ತು, ಆದರೆ ಕಾಲುಗಳನ್ನು ಎಷ್ಟು ಚಂದ ಕಡೆದಿದ್ದರು! ಕೈಯಿಟ್ಟು ಅಲ್ಲಾಡಿಸಿದೆ, ಒಂದು ಕೀಲೂ ಕದಲಲಿಲ್ಲ. ಇದೂ ಬೀಡಿನದ್ದೇ ಎಂದರು ಅಂಗಡಿಯವರು. ನನಗೆ ಅದು ನಿಜ ಅನ್ನಿಸಿತು, ಅಥವಾ ನಿಜವಾಗಲಿ ಅನ್ನಿಸಿತು.

ಮರುದಿನ ಭಾನುವಾರ. ಬಿಸಿಲುಮಾಡಿನಲ್ಲಿ ಹಳೆಯ ಪೇಪರು ಹಾಸಿ, ಮಂಚವನ್ನು ಬೋರಲು ಹಾಕಿ, ಬಟ್ಟೆಯಿಂದ ಧೂಳು ಒರೆಸತೊಡಗಿದೆ. ಮೂರನೆಯ ಹಲಗೆಯ ಮೇಲೆ ನೀಲಿ ಬಣ್ಣ ಕಾಣಿಸಿತು. ಇನ್ನೊಮ್ಮೆ ಒರೆಸಿದೆ. ಒಂದು ಹೆಸರು, ಒಂದು ಗೋತ್ರ, ಒಂದು ತಿಥಿ. ಆ ಅಕ್ಷರಗಳಲ್ಲಿ ನನ್ನ ಶಾಲೆಯ ಪುಸ್ತಕಗಳಿಗೆಲ್ಲ ಹೆಸರು ಬರೆದು ಕೊಟ್ಟ ಕೈಯನ್ನು ನಾನು ಗುರುತು ಹಿಡಿಯದೆ ಇರುವುದು ಹೇಗೆ?

ಮೊದಲು ನಗು ಬಂತು. ಅಪ್ಪನ ಮಂಚ ಬೇಡವೆಂದು ಕಾಪುವಿಗೆ ಬೆನ್ನು ಹಾಕಿ ಕಾರ್ಕಳದವರೆಗೆ ಓಡಿದರೆ, ಅದು ಅಲ್ಲಿ ನನಗೆಂದೇ ಕಾದು ನಿಂತಿತ್ತಲ್ಲ! ಆಮೇಲೆ ಸಿಟ್ಟು ಬಂತು. ಅಂಗಡಿಯವರ ಮೇಲೆ, ಅಪ್ಪನ ಮೇಲೆ, ಸತ್ತ ಆ ಮಹಾರಾಯರ ಮೇಲೂ. ಅಷ್ಟರಲ್ಲಿ ನನ್ನವರು ಚಹಾ ಹಿಡಿದುಕೊಂಡು ಬರುವ ಶಬ್ದವಾಯಿತು. ನಾನು ಪೇಪರಿನ ಒಂದು ಹಾಳೆ ಎಳೆದು ಹಲಗೆಯ ಮೇಲೆ ಹಾಕಿದೆ. 'ಎಂತ ಆಯ್ತು? ಮುಖ ಯಾಕೆ ಹಾಗೆ ಉಂಟು?' ಎಂದು ಕೇಳಿದರು. ಧೂಳು ಎಂದೆ.

ಅವರು ಒಳಗೆ ಹೋದ ಮೇಲೆ ದಪ್ಪನೆಯ ಸ್ಯಾಂಡ್ ಪೇಪರ್ ತೆಗೆದುಕೊಂಡು ಉಜ್ಜಿದೆ. ನೀಲಿ ಪುಡಿ ಬೆರಳ ಸಂದಿಗೆಲ್ಲ ಹತ್ತಿತು. ಹಲಗೆ ಬೆಳ್ಳಗಾಗುವವರೆಗೆ ಉಜ್ಜಿ, ಎರಡು ಸಲ ವಾರ್ನಿಷ್ ಹೊಡೆದೆ. ಮಂಚವನ್ನು ಹಿಂದೆ ಕೊಡಬಹುದಿತ್ತು. ಇನ್ನು ಮೂರು ದಿನದಲ್ಲಿ ಅತ್ತೆ ಬರುತ್ತಾರೆ, ಬೇರೆ ಎಲ್ಲಿ ಹುಡುಕುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಮಂಚ ಚೆನ್ನಾಗಿತ್ತು. ಅದು ನನಗೆ ಬೇಕಾಗಿತ್ತು. ಅಪ್ಪನದ್ದು ಎಂಬುದೊಂದು ಮಾತ್ರ ಬೇಡವಾಗಿತ್ತು.

ಅತ್ತೆ ಬಂದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಇನ್ನೊಂದರಿಂದಲೇ ಮನೆಯ ಮೂಲೆಮೂಲೆ ಪರೀಕ್ಷೆ ಮಾಡಿದರು. ಹೊರಗಿನ ಕೋಣೆಯಲ್ಲಿ ಕಿಟಕಿಯ ಬದಿಗೆ ಮಂಚ ಹಾಕಿ, ನನ್ನ ಹಳೆಯ ಎರಡು ಸೀರೆ ಸೇರಿಸಿ ಹೊಲಿದ ಹೊದಿಕೆ ಹಾಸಿದ್ದೆ. ಮೊದಲ ರಾತ್ರಿ ಕಳೆದು ಬೆಳಿಗ್ಗೆ ಎದ್ದವರು, 'ಎಷ್ಟು ವರ್ಷ ಆಗಿತ್ತು ಮಾರಾಯ್ತಿ ಇಂಥ ನಿದ್ದೆ ಬಂದು. ನಿನ್ನ ಕೈಯಲ್ಲಿ ಏನೋ ಉಂಟು' ಎಂದರು. ಮದುವೆಯಾದಂದಿನಿಂದ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ನನಗೆ ಸಂತೋಷವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಸಂತೋಷವಾಯಿತು.

ಆ ಸಂತೋಷದಲ್ಲೇ ಅಮ್ಮನಿಗೆ ಫೋನು ಮಾಡಿ ಅತ್ತೆ ಬಂದಿರುವುದನ್ನು ಹೇಳಿದೆ. ಎರಡು ದಿನ ಬಿಟ್ಟು ಅಪ್ಪನ ಫೋನು. 'ಉಡುಪಿಯಲ್ಲಿ ಸ್ವಲ್ಪ ಕೆಲಸ ಉಂಟು ಮಗಾ. ಹಾಗೆಯೇ ಬಂದು ನಿನ್ನ ಅತ್ತೆಯ ಕಣ್ಣು ವಿಚಾರಿಸಿಕೊಂಡು ಹೋಗುವಾ ಅಂತ. ಬರಬಹುದಾ?' ಬರಬಹುದಾ ಎಂದು ಕೇಳಿದರು. ಬನ್ನಿ ಎಂದೆ. ಕೈಕುರ್ಚಿಯನ್ನು ಇನ್ನೊಮ್ಮೆ ಒರೆಸಿ ಮಂಚದ ಎದುರಿಗೆ, ಫ್ಯಾನಿನ ಕೆಳಗೆ ಹಾಕಿದೆ. ಹಲಸಿನಹಣ್ಣಿನ ಪಾಯಸಕ್ಕೆ ತೆಂಗಿನಕಾಯಿ ತುರಿದಿಟ್ಟೆ.

ಅಪ್ಪ ಬಂದಾಗ ಹನ್ನೊಂದು ಗಂಟೆ. ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಸ್ಕೂಟರನ್ನು ಗೇಟಿನ ಹೊರಗೇ ಬಿಟ್ಟಿದ್ದರು. ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಹೊರಗೆ ನಿಂತು, 'ಹೇಗುಂಟು ಕಣ್ಣು?' ಎಂದು ಅತ್ತೆಯನ್ನು ಕೇಳಿದರು. ಅತ್ತೆ 'ಅಡ್ಡಿಲ್ಲ, ಬನ್ನಿ' ಎಂದರು. ಹಾಗೆನ್ನುತ್ತಲೇ ಕಾಲುಗಳನ್ನು ಮಂಚದ ಮೇಲೆ ಎಳೆದುಕೊಂಡರು, ಸೆರಗನ್ನು ಒಟ್ಟು ಮಾಡಿಕೊಂಡರು, ಎದುರಿನ ಕುರ್ಚಿಯ ಕಡೆ ನೋಡಿ ಆಮೇಲೆ ನನ್ನ ಮುಖ ನೋಡಿದರು.

ಬಿಸಿಲುಮಾಡಿನಲ್ಲಿ ನಾನು ಬಣ್ಣ ಹೊಡೆಯಲು ಹತ್ತಿ ನಿಲ್ಲುವ ಪ್ಲಾಸ್ಟಿಕ್ ಸ್ಟೂಲು ಇತ್ತು. ಬೇರೆ ಬೇರೆ ಬಣ್ಣದ ಕಲೆಗಳು ಅದರ ಮೇಲೆ. ನಾನು ಹೋಗಿ ಅದನ್ನು ತಂದು ಬಾಗಿಲಿನ ಹತ್ತಿರ ಇಟ್ಟೆ. 'ಕೂತುಕೊಳ್ಳಿ ಅಪ್ಪ' ಎಂದೆ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಏನು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೇರೇನೂ ಅಲ್ಲ: ಪ್ಲಾಸ್ಟಿಕ್, ತೊಳೆದರೆ ಆಯಿತು, ಬೆತ್ತವನ್ನು ತೊಳೆಯಲಿಕ್ಕಾಗುವುದಿಲ್ಲ.

ಅಪ್ಪ ಕೂತರು. ಮೊಣಕಾಲು ಎದೆಗೆ ಬರುವಷ್ಟು ಗಿಡ್ಡ ಸ್ಟೂಲು. ಮದ್ದು ಹಾಕಲು ಮರೆಯಬೇಡಿ, ಹೊಗೆಗೆ ಹೋಗಬೇಡಿ ಎಂದು ಅತ್ತೆಗೆ ಹೇಳಿದರು. ಮಾತು ಮುಗಿದ ಮೇಲೆ ಅವರ ಕಣ್ಣು ಮಂಚದ ಕಾಲುಗಳ ಮೇಲೆ ನಿಂತದ್ದನ್ನು ನಾನು ನೋಡಿದೆ.

'ಮಂಚ ಗಟ್ಟಿ ಉಂಟು,' ಎಂದರು.

'ಕಾರ್ಕಳದ ಯಾವುದೋ ಬೀಡಿನದ್ದಂತೆ,' ಅತ್ತೆ ಹೆಮ್ಮೆಯಿಂದ ಹೇಳಿದರು. 'ನಿಮ್ಮ ಮಗಳೇ ಹುಡುಕಿ ತಂದದ್ದು. ಈಗ ಇಂಥ ಮರ ಎಲ್ಲಿ ಸಿಗ್ತದೆ?'

ಅಪ್ಪ ನನ್ನ ಕಡೆ ನೋಡಿದರು.

'ಹೌದು ಅಪ್ಪ. ಬೀಡಿನದ್ದೇ,' ಎಂದೆ.

'ಒಳ್ಳೆಯದಾಯಿತು,' ಎಂದರು ಅಪ್ಪ.

ಊಟಕ್ಕೆ ನಿಲ್ಲಲಿಲ್ಲ. ಮಧ್ಯಾಹ್ನಕ್ಕೆ ಒಂದು ಮನೆಯಲ್ಲಿ ಕೆಲಸ ಉಂಟು ಎಂದರು. ಅರ್ಧ ಲೋಟ ನೀರು ಕುಡಿದು, ಲೋಟವನ್ನು ತಾವೇ ಹೊರಗೆ ನಲ್ಲಿಯ ಹತ್ತಿರ ಇಟ್ಟು, ಮೆಟ್ಟಿಲು ಇಳಿದರು. 'ಪಾಪ, ಒಳ್ಳೆಯ ಜನ,' ಎಂದರು ಅತ್ತೆ. ನಾನು ಸ್ಟೂಲನ್ನು ಎತ್ತಿಕೊಂಡು ಹೋಗಿ ಎರಡು ಚೊಂಬು ನೀರು ಹಾಕಿದೆ. ಅತ್ತೆ ಹೇಳಿರಲಿಲ್ಲ. ನಾನೇ ಹಾಕಿದೆ.

ಅದಾಗಿ ಮಳೆಗಾಲ ಕಳೆಯಿತು. ಅತ್ತೆಯ ಕಣ್ಣು ಸರಿಯಾಯಿತು, ಬೆಳ್ಮಣ್ಣಿಗೆ ಹೋದರು, ಇನ್ನೊಂದು ಕಣ್ಣಿಗೆ ಮತ್ತೆ ಬಂದರು. ಬಂದವರು ನೇರ ಅದೇ ಮಂಚಕ್ಕೆ ಹೋಗಿ ತಮ್ಮ ಚೀಲ ಇಟ್ಟರು. ನಾನು ಗೆದ್ದಿದ್ದೆ. ಅಪ್ಪನನ್ನು ಇನ್ನೊಮ್ಮೆ ಸರಿಯಾಗಿ ಕರೆಯಬೇಕು, ಅತ್ತೆ ಇಲ್ಲದಾಗ, ಕುರ್ಚಿಯಲ್ಲಿ ಕೂರಿಸಿ ಊಟ ಹಾಕಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಅವರಿಗೆ ಮಂಚದ ಗುರುತು ಹತ್ತಿರಲಿಕ್ಕಿಲ್ಲ ಎಂದೇ ನಂಬಿದ್ದೆ. ಅವರು ಕಂಡ ಮಂಚಗಳು ಎಷ್ಟೋ, ಯಾವುದನ್ನೆಂದು ನೆನಪಿಟ್ಟುಕೊಂಡಾರು?

ಪಿತೃಪಕ್ಷ ಬಂತು. ಒಂದು ಬೆಳಿಗ್ಗೆ ದೋಸೆ ಹೊಯ್ಯುತ್ತಿರುವಾಗ ಅಪ್ಪನ ಫೋನು. ಅತ್ತೆ ಹೊರಗಿನ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದರು.

'ಮಗಾ, ಪಕ್ಕದಲ್ಲಿ ಯಾರಾದರೂ ಇದ್ದಾರಾ?'

'ಇಲ್ಲ ಅಪ್ಪ, ಹೇಳಿ.'

'ಒಂದು ಉಪಕಾರ ಆಗಬೇಕಿತ್ತು. ನಿನ್ನ ಮನೆಯಲ್ಲಿ ಆ ಮಂಚ ಉಂಟಲ್ಲ, ಅದರ ಅಡಿಗೆ ಸ್ವಲ್ಪ ನೋಡ್ತೀಯಾ? ಮೂರನೆಯ ಹಲಗೆಯಲ್ಲಿ ಒಂದು ಹೆಸರು ಬರೆದದ್ದು ಇರ್ತದೆ.' ಅವರೇ ಮುಂದುವರಿಸಿದರು. 'ಅದು ನಮ್ಮ ಚಾವಡಿಯಿಂದ ಹೋದದ್ದೇ ಮಗಾ. ನಿನಗೆ ಹೇಗೆ ಗೊತ್ತಾಗಬೇಕು? ಅಂಗಡಿಯವರು ಹೇಳಿರಲಿಕ್ಕಿಲ್ಲ. ನಾನು ಅವತ್ತೇ ನೋಡಿದೆ. ಹೇಳಿದರೆ ಕಣ್ಣಿನ ಆಪರೇಷನ್ ಆದವರು ಎದ್ದು ನೆಲದಲ್ಲಿ ಮಲಗಿಯಾರು, ನಿನಗೂ ಮಾತು ಬಂದೀತು ಅಂತ ಸುಮ್ಮನಾದೆ. ಈಗಲೂ ಅವರಿಗೆ ಗೊತ್ತಾಗುವುದು ಬೇಡ. ಮೆಲ್ಲ ನೋಡು. ಅದೊಬ್ಬರ ಹೆಸರು ನನಗೆ ಬರ್ತಾನೇ ಇಲ್ಲ. ವಯಸ್ಸಾಯ್ತಲ್ಲ. ಗೋತ್ರ ಉಂಟು, ತಿಥಿ ಉಂಟು, ಹೆಸರು ಇಲ್ಲ. ಎಳ್ಳುನೀರು ಬಿಡಬೇಕಲ್ಲ.'

ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು. ಏನೂ ಬರೆದಿಲ್ಲ ಅಪ್ಪ ಎಂದು ಹೇಳಿಬಿಡಬಹುದಿತ್ತು. ಅಳಿಸಿ ಹೋಗಿದೆ ಎನ್ನಬಹುದಿತ್ತು. ಆ ಹೆಸರನ್ನು ನೆನಪು ಮಾಡಿಕೊಳ್ಳಲು ಪ್ರಯತ್ನಪಟ್ಟೆ, ಒಂದಕ್ಷರವೂ ಬರಲಿಲ್ಲ. ಅವತ್ತು ನಾನು ಓದಿದ್ದು ಹೆಸರನ್ನಲ್ಲ, ಅಪ್ಪನ ಕೈಬರಹವನ್ನು ಮಾತ್ರ. ನನ್ನನ್ನು ಕಾಪಾಡಲು ಅವರು ಇಷ್ಟೆಲ್ಲ ಮಾಡಿದ್ದಾರೆ ಎಂದು ಅಳು ಬಂತು, ಅದರ ನಡುವೆ ಬಾಯಿಗೆ ನಿಜವೇ ಬಂದುಬಿಟ್ಟಿತು.

'ಇಲ್ಲ ಅಪ್ಪ. ನಾನು ಅದನ್ನು ಉಜ್ಜಿ ತೆಗೆದಿದ್ದೇನೆ.'

'ಯಾವಾಗ?'

'ತಂದ ಮರುದಿನವೇ.'

ಆ ಕಡೆಯಿಂದ ಅಮ್ಮ ಬಾವಿಯಿಂದ ನೀರು ಸೇದುವ ರಾಟೆಯ ಸದ್ದು ಕೇಳಿಸಿತು.

'ಹಾಗಾದರೆ ನಾನು ಬಂದ ದಿನ ನಿನಗೆ ಗೊತ್ತಿತ್ತು,' ಎಂದರು ಅಪ್ಪ.

ಅವರು ಕೇಳಿದ್ದಲ್ಲ, ಹೇಳಿದ್ದು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಬಯ್ಯಲಿ ಎಂದು ಕಾದೆ. ಅವರು ಯಾವತ್ತೂ ಯಾರನ್ನೂ ಬಯ್ದವರಲ್ಲ.

'ಆಯ್ತು ಮಗಾ. ಗೋತ್ರ ಹೇಳಿ ನೀರು ಬಿಟ್ಟರೂ ನಡೀತದೆ,' ಎಂದು ಫೋನು ಇಟ್ಟರು.

ಅತ್ತೆ ಹೊರಗಿನ ಕೋಣೆಯಿಂದ ಕರೆದು, ದೋಸೆ ಸೀದ ವಾಸನೆ ಬರ್ತಾ ಉಂಟು, ಎಂತ ಮಾಡ್ತಿದ್ದೀ ಎಂದು ಕೇಳಿದರು. ಏನಿಲ್ಲ ಅತ್ತೆ, ಈಗ ತರ್ತೇನೆ ಎಂದು ಹೇಳಿ ಸೀದದ್ದನ್ನು ನನಗಿಟ್ಟುಕೊಂಡು ಹೊಸದನ್ನು ಹೊಯ್ದೆ.

ಅಪ್ಪ ಈಗಲೂ ಫೋನು ಮಾಡುತ್ತಾರೆ, ಮಳೆ ಹೇಗುಂಟು, ಅಳಿಯ ಹೇಗಿದ್ದಾರೆ ಎಂದು ಕೇಳುತ್ತಾರೆ. 'ಬನ್ನಿ ಅಪ್ಪ' ಎಂದರೆ 'ಬರ್ತೇನೆ, ಬರ್ತೇನೆ' ಎನ್ನುತ್ತಾರೆ. ಊರವರು ಬಾಯಿಮಾತಿಗೆ ಮದುವೆಗೆ ಕರೆದಾಗಲೂ ಅವರು ಇದೇ ದನಿಯಲ್ಲಿ ಹೀಗೇ ಹೇಳುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಮುಖ ತಿರುಗಿಸಿಕೊಂಡು ಹೋಗಬೇಕಾದ ಮನೆಗಳು ಅವರಿಗೆ ಸ್ಕೂಟರಿನ ದಾರಿಯಲ್ಲಿ ಬೇಕಾದಷ್ಟಿದ್ದವು. ಅದರಲ್ಲಿ ಈಗ ನನ್ನದೂ ಒಂದು.